ಅರವತ್ತೆರಡರಲ್ಲಿ ಕತ್ತಿವರಸೆ

ಕಳೆದ ಚಳಿಗಾಲದ ಒಂದು ಬೆಳಿಗ್ಗೆ, ಕಾಫಿ ಕುಡಿದು, ಪತ್ರಿಕೆ ಓದಿ ಮಡಿಸಿಟ್ಟು, ಒಬ್ಬ ಕುಡುಕನ ಕೈಯಲ್ಲಿ ನಾನು ಮೂರು ಸಲ ಒದೆ ತಿಂದೆ. ತಪ್ಪು ನನ್ನದಲ್ಲ. ನನ್ನ ತಂದೆಯಿಂದ ಅವನು ಕೊಡಲಿ, ಸುತ್ತಿಗೆ, ಮೊಳೆಗಳನ್ನು ಕೊಂಡು ಹೋಗಿದ್ದ, ಹಣ ಕೊಟ್ಟಿರಲಿಲ್ಲ. ವಸೂಲು ಮಾಡಿಕೊಂಡು ಬಾ ಎಂದು ತಂದೆ ಕಳಿಸಿದರು. ಮೂವತ್ತೈದು ವರ್ಷ ಲೆಕ್ಕಪತ್ರದ ಕಚೇರಿಯಲ್ಲಿ ಬಾಕಿ ವಸೂಲಿಯ ಕಾಗದಗಳನ್ನೇ ಬರೆದವನು ನಾನು, ಮರ್ಯಾದೆಯಾಗಿಯೇ ಕೇಳಿದೆ. ಅವನು ಮುಷ್ಟಿ ಬಿಗಿದ. ಆಮೇಲೆ ಆಕಾಶ ಕಾಣಿಸಿತು, ನೆಲ ಕಾಣಿಸಿತು, ಮತ್ತೆ ಏನೂ ಕಾಣಿಸಲಿಲ್ಲ. "ಅಯ್ಯೋ, ಸತ್ತೆ!" ಎಂದು ನಾನು ಕೂಗಿದ್ದು ಕೇಳಿ ನಮ್ಮಾಕೆ ಅಡಿಗೆಮನೆಯಿಂದ ಸೌಟು ಹಿಡಿದೇ ಓಡಿ ಬಂದಳು. ನಾನು ಕುರ್ಚಿಯಲ್ಲಿ ಕ್ಷೇಮವಾಗಿ ಕೂತಿದ್ದೆ.

"ಯಾರ್ರೀ ಹೊಡೆದದ್ದು?"

"ಕುನೇಶ್."

"ಯಾವ ಗಣೇಶ? ಹಿಂದಿನ ಬೀದಿಯವನಾ?"

ಅಲ್ಲ. ಈ ಕುನೇಶ್ ಇರುವುದು ಬೊಹೀಮಿಯ ದೇಶದ ಸ್ಕಾಲಿಟ್ಸ್ ಎಂಬ ಊರಿನಲ್ಲಿ, 1403ನೆಯ ಇಸವಿಯಲ್ಲಿ. ನನ್ನ ತಂದೆ ಎಂದೆನಲ್ಲ, ಅವರು ಆ ಊರಿನ ಕಮ್ಮಾರರು. ನಾನು ಅವರ ಮಗ, ಹೆನ್ರಿ. ಅರವತ್ತಕ್ಕೆ ಅರಳು ಮರಳು ಎಂದು ನೀವು ನಿರ್ಧರಿಸಿಬಿಡುವ ಮುಂಚೆ ಹೇಳಿಬಿಡುತ್ತೇನೆ: ಇದೆಲ್ಲ ನಡೆದದ್ದು ಒಂದು ಕಂಪ್ಯೂಟರ್ ಆಟದಲ್ಲಿ. ಆಟದ ಹೆಸರು 'ಕಿಂಗ್‌ಡಮ್ ಕಮ್: ಡೆಲಿವರೆನ್ಸ್'. ಪ್ರಾಗ್ ನಗರದ ವಾರ್‌ಹಾರ್ಸ್ ಸ್ಟುಡಿಯೋಸ್ ಎಂಬವರು ಇದನ್ನು 2018ರಲ್ಲಿ ಹೊರತಂದರು.

ಕಂಪ್ಯೂಟರ್ ಆಟವೆಂದರೆ ನಿಮ್ಮಂತೆಯೇ ನನಗೂ ತಾತ್ಸಾರವಿತ್ತು. ತಾತ್ಸಾರವೆಂದರೆ ಸಾಲದು, ದ್ವೇಷವೇ ಇತ್ತು. ನಮ್ಮ ಹುಡುಗ ಪಿಯುಸಿ ಓದುವಾಗ ಅವನ ಕಂಪ್ಯೂಟರಿನ ತಂತಿಯನ್ನು ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದವನು ನಾನು. ಆ ಹುಡುಗ ಈಗ ಮ್ಯೂನಿಕ್ಕಿನಲ್ಲಿ ಕೆಲಸದಲ್ಲಿದ್ದಾನೆ. ಭಾನುವಾರ ಭಾನುವಾರ ಫೋನು ಮಾಡುತ್ತಾನೆ. ನಾನು ಎತ್ತಿಕೊಂಡರೆ, "ಊಟ ಆಯ್ತಾ ಅಪ್ಪಾ?" ಎನ್ನುತ್ತಾನೆ. "ಆಯ್ತು. ಅಲ್ಲಿ ಚಳಿ ಹೇಗಿದೆ?" ಎನ್ನುತ್ತೇನೆ. "ಇದೆ" ಎನ್ನುತ್ತಾನೆ. ಅಲ್ಲಿಗೆ ತಂದೆಮಕ್ಕಳ ಸಂಭಾಷಣೆ ಮುಗಿಯಿತು. "ಇರು, ಅಮ್ಮನಿಗೆ ಕೊಡ್ತೀನಿ" ಎಂದು ನಾನು ಫೋನನ್ನು ದಾಟಿಸುತ್ತೇನೆ. ಅವರಿಬ್ಬರೂ ಒಂದು ಗಂಟೆ ಮಾತನಾಡುತ್ತಾರೆ. ನಾನು ಪಕ್ಕದ ಕೋಣೆಯಲ್ಲಿ ಪತ್ರಿಕೆಯನ್ನು ಎರಡನೆಯ ಸಲ ಓದುತ್ತೇನೆ. ವರ್ಷಗಳಿಂದ ಇದು ಹೀಗೆಯೇ ನಡೆದು ಬಂದಿತ್ತು. ಯಾಕೆ ಎಂಬುದು ನನಗೂ ಗೊತ್ತು, ಅವನಿಗೂ ಗೊತ್ತು. ಆ ಮಾತಿಗೆ ಆಮೇಲೆ ಬರುತ್ತೇನೆ.

ಹೋದ ಸಲ ರಜೆಯಲ್ಲಿ ಬಂದಿದ್ದಾಗ, ಹೊರಡುವ ಹಿಂದಿನ ದಿನ, ಅವನು ತನ್ನ ಹಳೆಯ ಕಂಪ್ಯೂಟರನ್ನು ಒರೆಸಿ ಏನೇನೋ ರಿಪೇರಿ ಮಾಡುತ್ತಿದ್ದ. ನನ್ನತ್ತ ನೋಡದೆಯೇ, "ಅಪ್ಪಾ, ನಿಮಗೆ ಇತಿಹಾಸ ಅಂದ್ರೆ ಇಷ್ಟ ಅಲ್ವಾ? ಇದರಲ್ಲಿ ಒಂದು ಆಟ ಹಾಕಿಟ್ಟಿದ್ದೀನಿ. ಬೇಜಾರಾದಾಗ ಆಡಿ ನೋಡಿ" ಎಂದ. ನಾನು "ಹೂಂ" ಎಂದೆ. ಅವನು ಹೋದ ಮೇಲೆ ಮೂರು ವಾರ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ವಾರ ಬೇಜಾರಾಯಿತು.

ಇತಿಹಾಸ ನಿಜವಾಗಿಯೂ ಇದೆ. 1378ರಲ್ಲಿ ಚಕ್ರವರ್ತಿ ನಾಲ್ಕನೆಯ ಚಾರ್ಲ್ಸ್ ತೀರಿಕೊಂಡ. ಮಗ ವೆನ್ಸೆಸ್ಲಾಸ್ ಬೊಹೀಮಿಯವನ್ನು ಆಳುತ್ತಿದ್ದ. ಅವನ ಮಲತಮ್ಮ, ಹಂಗರಿಯ ದೊರೆ ಸಿಗಿಸ್ಮಂಡ್, 1402ರಲ್ಲಿ ಅಣ್ಣನನ್ನೇ ಸೆರೆಹಿಡಿದ. ದಾಯಾದಿ ಮತ್ಸರ ಯಾವ ದೇಶವನ್ನು ಬಿಟ್ಟಿದೆ? ನಮ್ಮ ವಿಜಯನಗರದಲ್ಲಿ ಎರಡನೆಯ ಹರಿಹರರಾಯ ಆಳುತ್ತಿದ್ದ ಕಾಲ ಅದು. ಆಟದಲ್ಲಿ ಸಿಗಿಸ್ಮಂಡನ ದಂಡು ಬೆಳ್ಳಿಯ ಗಣಿಯಿರುವ ಸ್ಕಾಲಿಟ್ಸಿನ ಮೇಲೆ ಬೀಳುತ್ತದೆ. ಅದರ ಜೊತೆ ಕ್ಯೂಮನ್ನರೆಂಬ ಕುದುರೆ ಸವಾರರು. ಊರು ಉರಿದು ಹೋಗುತ್ತದೆ. ತಂದೆತಾಯಿಗಳು ಕಣ್ಣೆದುರಿಗೇ ಸಾಯುತ್ತಾರೆ. ಹೆನ್ರಿ ಒಂದು ಕುದುರೆ ಹತ್ತಿ ಓಡಿಹೋಗುತ್ತಾನೆ. ಸ್ಕಾಲಿಟ್ಸ್, ಅದರ ಆಚೆಯ ರಟ್ಟೈ, ಸಾಸೌ ಮಠ ಇವೆಲ್ಲ ಪ್ರಾಗ್ ನಗರದ ಆಗ್ನೇಯಕ್ಕೆ ಇಂದಿಗೂ ಇರುವ ಊರುಗಳು. ಆ ಕಾಡು, ಆ ಹೊಳೆ, ಕೆಸರಿನ ದಾರಿ, ಗಸಗಸೆ ಹೂವಿನ ಹೊಲಗಳನ್ನು ಎಂಥ ಅಕ್ಕರೆಯಿಂದ ಬಿಡಿಸಿದ್ದಾರೆಂದರೆ, ಮೊದಲ ದಿನ ನಾನು ಯಾವ ಕೆಲಸವನ್ನೂ ಮಾಡದೆ ಸುಮ್ಮನೆ ತಿರುಗಾಡಿಕೊಂಡು ಬಂದೆ.

ಆದರೆ ಇದರಲ್ಲಿ ನಾನು ಕಂಡ ವಿಶೇಷ ಬೇರೆ. ಕತೆಗಳಲ್ಲಿ, ಸಿನಿಮಾಗಳಲ್ಲಿ, ನಾಯಕನಾದವನು ಹುಟ್ಟುತ್ತಲೇ ಶೂರ. ಕತ್ತಿ ಕೈಗೆ ಬಂದರೆ ಹತ್ತು ಜನರನ್ನು ಕೆಡವುತ್ತಾನೆ. ನಮ್ಮ ಹೆನ್ರಿಗೆ ಏನೂ ಬರುವುದಿಲ್ಲ. ತಂದೆ ಕತ್ತಿ ತಟ್ಟುವವರು. ಹುಡುಗನಿಗೆ ಕತ್ತಿ ಹಿಡಿಯಲು ಬಾರದು, ಬಿಲ್ಲು ಎಳೆದರೆ ಕೈ ನಡುಗುತ್ತದೆ, ಬೀಗ ತೆಗೆಯಲು ಹೋದರೆ ಕಡ್ಡಿ ಮುರಿಯುತ್ತದೆ, ಅಕ್ಷರವಂತೂ ಸೊನ್ನೆ. ಹೊತ್ತಿಗೆ ಹಸಿವಾಗುತ್ತದೆ, ಚೀಲದಲ್ಲಿಟ್ಟ ರೊಟ್ಟಿ ಹಳಸುತ್ತದೆ. ಮೈಮೇಲೆ ಕೊಳೆಯಿದ್ದರೆ ದೊಡ್ಡವರು ಮಾತನಾಡಿಸುವುದಿಲ್ಲ. ಆಟವನ್ನು ಬೇಕೆಂದಾಗ ಉಳಿಸಿಕೊಳ್ಳಲೂ ಬಿಡುವುದಿಲ್ಲ: ಒಂದೋ ಹಾಸಿಗೆ ಹುಡುಕಿ ಮಲಗಬೇಕು, ಇಲ್ಲವೇ ದುಬಾರಿಯ ಒಂದು ಬಗೆಯ ಮದ್ಯ ಕುಡಿಯಬೇಕು. ಅದಕ್ಕೆ ಹಣವಿಲ್ಲದ ನನ್ನಂಥವನು ದಾರಿಯಲ್ಲಿ ಸತ್ತರೆ ಅರ್ಧ ದಿನದ ಸಂಪಾದನೆ ನೀರುಪಾಲು.

ಸತ್ತೆ. ಲೆಕ್ಕ ಬರೆಯುವ ಅಭ್ಯಾಸ ಬಿಡದವನಾದ್ದರಿಂದ ಹೇಳಬಲ್ಲೆ: ಮೊದಲ ಹತ್ತು ದಿನಗಳಲ್ಲಿ ನಲವತ್ತೊಂದು ಸಲ ಸತ್ತೆ.

ಕತ್ತಿಯ ಕಾಳಗ ಹೇಗಿದೆ ಎಂದು ಸ್ವಲ್ಪ ವಿವರಿಸಬೇಕು. ಎದುರಾಳಿಯತ್ತ ತಿರುಗಿ ನಿಂತರೆ ಪರದೆಯ ನಡುವೆ ನಕ್ಷತ್ರದಂಥ ಒಂದು ಗುರುತು ಮೂಡುತ್ತದೆ. ಅದಕ್ಕೆ ಐದು ದಿಕ್ಕು. ಮೌಸನ್ನು ಯಾವ ಕಡೆಗೆ ಸರಿಸಿದರೆ ಆ ಕಡೆಯಿಂದ ಏಟು ಬೀಳುತ್ತದೆ, ತಿವಿಯುವುದು ಬೇರೆ. ಎದುರಿಗಿರುವವನೂ ಸುಮ್ಮನೆ ನಿಂತಿರುವುದಿಲ್ಲ. ಅವನಿಗೂ ಅದೇ ಐದು ದಿಕ್ಕು. ಅವನ ಏಟು ಬರುವ ಕ್ಷಣಕ್ಕೆ ಹಸಿರು ಗುರಾಣಿಯ ಒಂದು ಚಿಹ್ನೆ ಮಿಂಚಿ ಮಾಯವಾಗುತ್ತದೆ. ಆ ಮಿಂಚಿನೊಳಗೆ ಗುಂಡಿ ಒತ್ತಿದರೆ ಏಟು ತಡೆದೀತು. ಒಂದು ರೆಪ್ಪೆ ಹೊಡೆಯುವಷ್ಟು ತಡವಾದರೆ ಇಲ್ಲ. ಇದೆಲ್ಲದರ ಮೇಲೆ ದಮ್ಮಿನ ಲೆಕ್ಕವಿದೆ. ಪ್ರತಿ ಬೀಸಿಗೂ ದಮ್ಮು ಕರಗುತ್ತದೆ. ದಮ್ಮು ಬರಿದಾದ ಮೇಲೆ ಬೀಳುವ ಏಟು ನೇರವಾಗಿ ಪ್ರಾಣಕ್ಕೆ. ಮುಖ ಮುಚ್ಚುವ ಶಿರಸ್ತ್ರಾಣ ತೊಟ್ಟರೆ ತಲೆ ಉಳಿಯುತ್ತದೆ, ಆದರೆ ಸೀಳಿನಷ್ಟೇ ಕಣ್ಣಿಗೆ ಕಾಣುತ್ತದೆ. ಉಕ್ಕಿನ ಕವಚ ತೊಟ್ಟವನಿಗೆ ಕತ್ತಿ ಅಷ್ಟಾಗಿ ನಾಟದು, ಗದೆಯೇ ಬೇಕು. ಇಬ್ಬರು ಸುತ್ತುವರಿದರೆ ಓಡುವುದೇ ಶಾಸ್ತ್ರ. ಇಟಲಿಯ ಫಿಯೋರೆ ಎಂಬ ಕತ್ತಿವರಸೆಯ ಗುರು ಸುಮಾರು 1410ರಲ್ಲಿ ಚಿತ್ರಸಹಿತವಾಗಿ ಒಂದು ಗ್ರಂಥವನ್ನೇ ರಚಿಸಿದ್ದಾನೆ. ಅಂಥ ವಿದ್ಯೆಯನ್ನು ಬೆರಳ ತುದಿಗೆ ಇಳಿಸಲು ಇವರು ಪಟ್ಟಿರುವ ಶ್ರಮ, ಸೋತವನಿಗೂ ಅರ್ಥವಾಗುತ್ತದೆ. ಸೋತವನಿಗೇ ಹೆಚ್ಚು ಅರ್ಥವಾಗುತ್ತದೆ ಎಂದರೂ ಸರಿ.

ಹೆನ್ರಿಗೆ ಒಬ್ಬ ಗುರು ಸಿಗುತ್ತಾನೆ. ರಟ್ಟೈ ಊರಿನ ಕ್ಯಾಪ್ಟನ್ ಬರ್ನಾರ್ಡ್. ಊರಾಚೆ ಮರದ ಬೇಲಿ ಹಾಕಿದ ಒಂದು ಕಣ. ಅಲ್ಲಿ ಮರದ ಕತ್ತಿ ಕೊಟ್ಟು ಪಾಠ ಹೇಳುತ್ತಾನೆ. ಹೀಗೆ ನಿಲ್ಲು, ಹೀಗೆ ಬೀಸು, ಹೀಗೆ ತಡೆ. ತಪ್ಪಿದರೆ ಇನ್ನೊಂದು ಸಲ. ಪಾಠ ಮುಗಿದ ಮೇಲೂ ಯಾವಾಗ ಹೋಗಿ ಕೇಳಿದರೂ ಅವನು ಅಭ್ಯಾಸಕ್ಕೆ ನಿಲ್ಲುತ್ತಾನೆ. ನಾನು ಕತೆಯನ್ನು ಅಲ್ಲಿಗೇ ಬಿಟ್ಟೆ. ಸಿಗಿಸ್ಮಂಡ್ ಏನಾದರೂ ಮಾಡಿಕೊಳ್ಳಲಿ ಎಂದು ಎರಡು ವಾರ ದಿನವೂ ಬೆಳಿಗ್ಗೆ ಒಂದು ಗಂಟೆ ಆ ಕಣದಲ್ಲಿ ಕಳೆದೆ.

ಮೈಸೂರಿನಲ್ಲಿ ನಮ್ಮ ಮನೆಯ ಹಿಂದೆ ಒಂದು ಗರಡಿಮನೆ ಇತ್ತು. ಹತ್ತು ವರ್ಷದವನಾಗಿದ್ದಾಗ ನಮ್ಮ ತಂದೆ ನನ್ನನ್ನು ಅಲ್ಲಿಗೆ ಸೇರಿಸಿದರು. ನಾನು ಮೊದಲ ದಿನವೇ ಪಟ್ಟು ಹಾಕಿ ಯಾರನ್ನಾದರೂ ಮಟ್ಟಿಗೆ ಕೆಡವಬಹುದೆಂದು ಹೋದವನು. ಉಸ್ತಾದರು ಬಸ್ಕಿ ಹೊಡೆಸಿದರು. ಎರಡನೆಯ ದಿನವೂ ಬಸ್ಕಿ, ಮೂರನೆಯ ದಿನವೂ ಬಸ್ಕಿ. ಎಂಟನೆಯ ದಿನ ಓಡಿಬಂದೆ. ಐವತ್ತೆರಡು ವರ್ಷಗಳ ತರುವಾಯ, ಮರದ ಕತ್ತಿಯಿಂದ ನೂರನೆಯ ಸಲ ಏಟು ತಿನ್ನುತ್ತ, ಆ ಉಸ್ತಾದರು ಏನು ಹೇಳುತ್ತಿದ್ದರೆಂಬುದು ಹೊಳೆಯಿತು. ಹಾಡ್ತಾ ಹಾಡ್ತಾ ರಾಗ ಎಂಬ ಗಾದೆಯನ್ನು ನಾನು ಕಚೇರಿಯ ಕಿರಿಯರಿಗೆಲ್ಲ ಉಪದೇಶಿಸಿದ್ದೆ, ಹಾಡಿ ನೋಡಿರಲಿಲ್ಲ.

ಈ ಆಟದಲ್ಲಿ ಪ್ರತಿ ವಿದ್ಯೆಗೂ ಒಂದು ಅಂಕೆಯುಂಟು, ಇಪ್ಪತ್ತಕ್ಕೆ ಪೂರ್ಣ. ಯಾವುದನ್ನು ಮಾಡುತ್ತೀರೋ ಅದೇ ಬೆಳೆಯುತ್ತದೆ. ಕತ್ತಿ ಬೀಸಿದರೆ ಕತ್ತಿ, ಕುದುರೆ ಹತ್ತಿದರೆ ಸವಾರಿ, ಹೊಲದ ಬದಿಯಲ್ಲಿ ಸೊಪ್ಪು ಕಿತ್ತರೆ ಮೂಲಿಕೆಯ ಜ್ಞಾನ. ಬಡ್ತಿಗೆ ಯಾರ ಶಿಫಾರಸೂ ಬೇಕಿಲ್ಲ. ಆದರೆ ಅಂಕೆ ಏರಿದ ಮಾತ್ರಕ್ಕೆ ಸಾಲದು. ಹೆನ್ರಿಯ ಅಂಕೆ ಏಳಾಗಿದ್ದರೂ ನನ್ನ ಬೆರಳು ಎರಡರಲ್ಲೇ ಇತ್ತು. ಅವನ ವಿದ್ಯೆ, ನನ್ನ ಕೈ, ಎರಡೂ ಜೊತೆಯಾಗಿ ಬೆಳೆಯಬೇಕು. ನನ್ನದು ಬೆಳೆಯಲಿಲ್ಲ. ಹಸಿರು ಗುರಾಣಿ ಮಿಂಚುವುದನ್ನು ಕಾಣುತ್ತಿದ್ದೆ. ಬೆರಳಿಗೆ ಸುದ್ದಿ ಮುಟ್ಟುವಷ್ಟರಲ್ಲಿ ತಡವಾಗಿರುತ್ತಿತ್ತು.

ಆ ಭಾನುವಾರ ಫೋನು ಬಂತು. "ಊಟ ಆಯ್ತಾ ಅಪ್ಪಾ?" ಎಂದ. ನಾನು ಚಳಿಯ ವಿಷಯ ಬಿಟ್ಟು, "ಏಟು ತಡೆಯೋದು ಹೇಗೋ? ಆ ಹಸಿರು ಗುರುತು ಕಾಣುತ್ತೆ, ಆದರೆ ಆಗೋದೇ ಇಲ್ಲ" ಎಂದೆ.

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. "ನೀವು ಆಡ್ತಿದ್ದೀರಾ?" ಎಂದ.

"ಬರ್ನಾರ್ಡ್ ಹತ್ತಿರವೇ ಎರಡು ವಾರದಿಂದ ಬಿದ್ದಿದ್ದೀನಿ."

ಅಂದು ಫೋನು ನನ್ನ ಕೈಯಲ್ಲೇ ನಲವತ್ತು ನಿಮಿಷ ಇತ್ತು. ಬಾಗಿಲಲ್ಲಿ ನಿಂತ ನಮ್ಮಾಕೆ ಎರಡು ಸಲ ಇಣುಕಿ ನೋಡಿ ಹೋದಳು. ಅವನು ಕೇಳಿದ: "ನೀವು ಏನನ್ನು ನೋಡ್ತೀರಾ? ಗುರುತನ್ನೋ, ಅವನ ಭುಜವನ್ನೋ?" ಗುರುತನ್ನು ಎಂದೆ. "ಭುಜ ನೋಡಿ ಅಪ್ಪಾ. ಗುರುತು ತಾನಾಗಿ ಕಾಣಿಸುತ್ತೆ. ನೀವು ಮೊದಲು ಹೊಡೀಬೇಡಿ. ಸುಮ್ಮನೆ ನಿಂತು ಬರೀ ತಡೀತಾ ಇರಿ, ಒಂದು ದಿನ ಪೂರ್ತಿ." ನಾನು ಫೋನನ್ನು ಪಕ್ಕಕ್ಕೆ ಒರಗಿಸಿ, ಅವನು ಹೇಳಿದಂತೆ ಮಾಡಲು ಹೋಗಿ, ತಡೆಯುವ ಗುಂಡಿಗೆ ಬದಲು ಹೊಡೆಯುವ ಗುಂಡಿ ಒತ್ತಿದೆ. ಮತ್ತೆ ಒತ್ತಿದೆ. ಮೂರನೆಯ ಸಲವೂ ಅದೇ. ರೇಗಿಹೋಯಿತು. "ನಾನು ದಡ್ಡ ಕಣಯ್ಯ, ನನ್ನ ತಲೆಗೆ ಇದು ಹತ್ತೋದಿಲ್ಲ" ಎಂದೆ.

"ದಡ್ಡತನ ಏನಿಲ್ಲ ಅಪ್ಪಾ. ಕೈಗೆ ಇನ್ನೂ ಅಭ್ಯಾಸ ಆಗಿಲ್ಲ ಅಷ್ಟೆ. ಇನ್ನೊಂದ್ಸಲ ನೋಡಿ."

ಆಮೇಲೆ ಬರುತ್ತೇನೆ ಎಂದ ಮಾತಿಗೆ ಈಗ ಬರಬೇಕು. ಅವನು ಏಳನೆಯ ತರಗತಿಯಲ್ಲಿದ್ದಾಗ ಸಂಜೆ ನಾನೇ ಲೆಕ್ಕ ಹೇಳಿಕೊಡುತ್ತಿದ್ದೆ. ಲೆಕ್ಕವೇ ನನ್ನ ಅನ್ನವಾಗಿತ್ತಲ್ಲ. ಭಿನ್ನರಾಶಿ ಅವನಿಗೆ ಹತ್ತುತ್ತಿರಲಿಲ್ಲ. ನಾನು ಒಂದು ಸಲ ಹೇಳುತ್ತಿದ್ದೆ, ಎರಡು ಸಲ ಹೇಳುತ್ತಿದ್ದೆ. ಮೂರನೆಯ ಸಲಕ್ಕೆ "ದಡ್ಡ" ಎನ್ನುತ್ತಿದ್ದೆ. ಒಂದು ಮಳೆಗಾಲದ ಸಂಜೆ ಅದೇ ತಪ್ಪನ್ನು ಮತ್ತೆ ಮಾಡಿದನೆಂದು ನೋಟ್‌ಬುಕ್ಕನ್ನು ಕಿತ್ತುಕೊಂಡು ಬಾಗಿಲಾಚೆ ಎಸೆದೆ. ಅದು ಅಂಗಳದ ನೀರಿನಲ್ಲಿ ಬಿತ್ತು. ಹುಡುಗ ಅಳಲಿಲ್ಲ. ಹೋಗಿ ಎತ್ತಿಕೊಂಡು ಬಂದು, ಪಂಚೆಯ ಚೂರಿನಲ್ಲಿ ಒತ್ತಿ ಒತ್ತಿ ಒರೆಸಿ, ಚೀಲದಲ್ಲಿಟ್ಟುಕೊಂಡ. ಮರುದಿನದಿಂದ ನನ್ನ ಬಳಿ ಲೆಕ್ಕಕ್ಕೆ ಬರಲಿಲ್ಲ. ಲೆಕ್ಕಕ್ಕೆ ಮಾತ್ರವಲ್ಲ.

ಈ ಆಟದಲ್ಲಿ ಇನ್ನೊಂದು ಘಟ್ಟವಿದೆ. ಹೆನ್ರಿ ಓದು ಕಲಿಯಬೇಕಾದರೆ ಉಜಿಟ್ಸ್ ಎಂಬ ಊರಿನ ಒಬ್ಬ ಬರಹಗಾರನ ಬಳಿಗೆ ಹೋಗಬೇಕು. ಅದಕ್ಕೆ ಮುಂಚೆ ಯಾವ ಪುಸ್ತಕ ತೆರೆದರೂ ಅಕ್ಷರಗಳು ಕಲಸಿಹೋಗಿರುತ್ತವೆ. ಪದಗಳ ಉದ್ದ ಸರಿ, ಸಾಲು ಸರಿ, ಅರ್ಥ ಮಾತ್ರ ಇಲ್ಲ. ಪಾಠವಾದ ಮೇಲೂ ಒಮ್ಮೆಲೇ ತಿಳಿಯುವುದಿಲ್ಲ. ಅಲ್ಲೊಂದು ಪದ, ಇಲ್ಲೊಂದು ಪದ, ಮಂಜು ಕರಗಿದಂತೆ ನಿಧಾನವಾಗಿ ತಿಳಿಯಾಗುತ್ತ ಬರುತ್ತದೆ. ಆ ಕಲಸಿದ ಪುಟವನ್ನು ನೋಡುತ್ತ ನಾನು ಬಹಳ ಹೊತ್ತು ಕೂತಿದ್ದೆ. ಓದು ಬಾರದವನ ಕಣ್ಣಿಗೆ ಪುಟ ಹೇಗೆ ಕಾಣುತ್ತದೆಂದು ಓದು ಬಂದವನಿಗೆ ನೆನಪಿರುವುದಿಲ್ಲ. ಕಲಿಯುವ ತನಕ ಬ್ರಹ್ಮವಿದ್ಯೆ, ಕಲಿತ ಮೇಲೆ ಕೋತಿವಿದ್ಯೆ. ನನಗೆ ಕೋತಿವಿದ್ಯೆಯಾಗಿದ್ದ ಭಿನ್ನರಾಶಿ ಆ ಹುಡುಗನಿಗೆ ಹೀಗೆ ಕಾಣುತ್ತಿತ್ತೇನೋ. ನಾನು ಕೇಳಲೇ ಇಲ್ಲ. ನೀನು ಏನನ್ನು ನೋಡುತ್ತಿದ್ದೀಯ ಎಂದು ಅವನು ನನ್ನನ್ನು ಕೇಳಿದನಲ್ಲ, ಹಾಗೆ.

ಒಂದು ದಿನ ಪೂರ್ತಿ ಬರೀ ತಡೆಯುತ್ತ ನಿಂತೆ. ಎರಡನೆಯ ದಿನವೂ ನಿಂತೆ. ಐದನೆಯ ದಿನ, ಏನಾಯಿತೆಂದು ತಿಳಿಯುವ ಮೊದಲೇ, ಟಣ್ ಎಂದು ಕತ್ತಿಗೆ ಕತ್ತಿ ತಾಗಿ ಬರ್ನಾರ್ಡನ ಏಟು ಪಕ್ಕಕ್ಕೆ ಜಾರಿತು. ನಾನು ಗುಂಡಿ ಒತ್ತಿದ್ದು ನನಗೇ ತಿಳಿದಿರಲಿಲ್ಲ. ಮತ್ತೊಂದು, ಮಗದೊಂದು. ಆ ಸಂತೋಷವನ್ನು ಹೇಗೆ ವರ್ಣಿಸಲಿ? ಬಡ್ತಿ ಬಂದಾಗ ಆಗಿತ್ತು ಸಂತೋಷ. ಅದರಲ್ಲಿ ಹಿರಿತನದ ಪಟ್ಟಿಯ ಪಾಲು ಎಷ್ಟು, ನನ್ನ ಪಾಲು ಎಷ್ಟು ಎಂಬ ಅನುಮಾನವಿತ್ತು. ಇದರಲ್ಲಿ ಅನುಮಾನವಿರಲಿಲ್ಲ. ನಿನ್ನೆ ಬಾರದಿದ್ದುದು ಇಂದು ಬಂತು. ಬಂದದ್ದು ನನ್ನ ಕೈಗೆ. ಅರವತ್ತೆರಡರಲ್ಲಿ ದೇಹ ದಿನಕ್ಕೊಂದನ್ನು ಮರೆಯುತ್ತದೆ. ಹೊಸದೊಂದನ್ನು ಕಲಿಯಬಲ್ಲದೆಂದು ಯಾರೂ ಹೇಳಿರಲಿಲ್ಲ.

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. ತಂದೆತಾಯಿಗಳನ್ನು ಮಣ್ಣುಮಾಡಲು ಹೆನ್ರಿ ಊರಿಗೆ ಹಿಂದಿರುಗಿದಾಗ, ರಂಟ್ ಎಂಬ ಕಟ್ಟುಮಸ್ತಾದ ದರೋಡೆಗಾರ ಅವನನ್ನು ಬಡಿದು ಹಾಕಿ, ತಂದೆ ತಟ್ಟಿದ ಕೊನೆಯ ಕತ್ತಿಯನ್ನು ಕಿತ್ತುಕೊಂಡು ಹೋಗಿರುತ್ತಾನೆ. ಬಹಳ ದಿನಗಳ ಮೇಲೆ, ಪ್ರಿಬಿಸ್ಲಾವಿಟ್ಸ್ ಎಂಬ ಹಾಳೂರಿನ ಇಗರ್ಜಿಯಲ್ಲಿ ಅವನು ಮತ್ತೆ ಎದುರಾಗುತ್ತಾನೆ. ಒಂಬತ್ತು ಸಲ ಸೋತೆ. ಹತ್ತನೆಯ ಸಲ ನಾನು ಅವಸರ ಮಾಡಲಿಲ್ಲ. ಅವನ ಭುಜ ನೋಡುತ್ತ, ದಮ್ಮು ಉಳಿಸಿಕೊಳ್ಳುತ್ತ, ತಡೆಯುತ್ತ ತಡೆಯುತ್ತ ನಿಂತೆ. ಅವನ ದಮ್ಮು ಮೊದಲು ಮುಗಿಯಿತು. ರಂಟ್ ಬಿದ್ದ. ನಾನು ಎದ್ದು ನಿಂತು ಮೇಜು ಗುದ್ದಿದೆ. ಕಾಫಿಯ ಲೋಟ ಉರುಳಿತು. ಆದರೆ ಕತ್ತಿ ಅವನ ಹತ್ತಿರ ಇರಲಿಲ್ಲ. ಅದು ಬೇರೊಬ್ಬನ ಪಾಲಾಗಿತ್ತು. ತಂದೆ ಎದ್ದು ಬರಲಿಲ್ಲ, ಊರು ಎದ್ದು ಬರಲಿಲ್ಲ. ವಿದ್ಯೆ ಕಲಿತರೆ ಮುಂದಿನ ಏಟನ್ನು ತಡೆಯಬಹುದು. ಹಿಂದೆ ಬಿದ್ದದ್ದು ಬಿದ್ದದ್ದೇ.

ಆ ಭಾನುವಾರ ಮಗನಿಗೆ ರಂಟ್‌ನ ಸುದ್ದಿ ಹೇಳಿದೆ. ಅವನು ಖುಷಿಯಾಗಿ ನಕ್ಕ. ನಾನು ಫೋನನ್ನು ಅಮ್ಮನಿಗೆ ದಾಟಿಸಬಹುದಾಗಿತ್ತು. ದಾಟಿಸಲಿಲ್ಲ.

"ನಿನ್ನ ಒಂದು ಲೆಕ್ಕದ ನೋಟ್‌ಬುಕ್ಕು ನಾನು ಮಳೆಗೆ ಎಸೆದಿದ್ದೆ, ನೆನಪಿದೆಯಾ?"

"ಇದೆ" ಎಂದ. ತಕ್ಷಣವೇ ಎಂದ.

"ಹಾಗೆ ಮಾಡಬಾರದಾಗಿತ್ತು."

ಬಹಳ ಹೊತ್ತು ಅವನು ಏನೂ ಹೇಳಲಿಲ್ಲ. ಮ್ಯೂನಿಕ್ಕಿನ ಯಾವುದೋ ಬೀದಿಯಲ್ಲಿ ಟ್ರಾಮು ಹೋದ ಸದ್ದು ಕೇಳಿಸಿತು. ಪರವಾಗಿಲ್ಲ ಎಂದು ಅವನು ಹೇಳಲಿಲ್ಲ. ಹೇಳದೆ ಇದ್ದದ್ದೇ ಒಳ್ಳೆಯದಾಯಿತು, ಹೇಳಿದ್ದರೆ ನಾನು ನಂಬುತ್ತಿರಲಿಲ್ಲ. ಆಮೇಲೆ, "ಅಪ್ಪಾ, ಆ ಆಟದ ಎರಡನೆಯ ಭಾಗ 2025ರಲ್ಲೇ ಬಂದಿದೆ. ಈ ಸಲ ಬಂದಾಗ ಹಾಕಿಕೊಡ್ತೀನಿ. ಅದರಲ್ಲಿ ಕಮ್ಮಾರಿಕೆಯೂ ಇದೆ, ಹೆನ್ರಿ ತಾನೇ ಕತ್ತಿ ತಟ್ಟಬಹುದು. ಇಬ್ಬರೂ ಕೂತು ಆಡೋಣ" ಎಂದ.

ಎರಡನೆಯ ಭಾಗದ ಮೊದಲಲ್ಲೇ ಹೆನ್ರಿ ಎಲ್ಲವನ್ನೂ ಕಳೆದುಕೊಂಡು, ಕಲಿತದ್ದರಲ್ಲಿ ಬಹುಪಾಲು ಮರೆತು, ಮತ್ತೆ ಕೆಳಗಿನಿಂದ ಶುರುಮಾಡಬೇಕಂತೆ. ಇದನ್ನು ಕೇಳಿ ನಮ್ಮಾಕೆ, "ಅಷ್ಟು ಒದೆ ತಿಂದು ಕಲಿತದ್ದು ದಂಡ ಆಯ್ತಲ್ರೀ" ಎಂದು ಮರುಗಿದಳು. ದಂಡವಾಗಲಿಲ್ಲ ಎಂದೆ. ಅವಳು ನಂಬಿದಂತೆ ಕಾಣಲಿಲ್ಲ.

ಹುಡುಗ ಬರುವುದು ದೀಪಾವಳಿಗೆ. ಅಷ್ಟರಲ್ಲಿ ಕೈ ಇನ್ನೂ ಸ್ವಲ್ಪ ಪಳಗಬೇಕು. ಇವತ್ತಿನ ತಾಲೀಮಿಗೆ ಆಗಲೇ ಹೊತ್ತಾಯಿತು; ಮರದ ಕತ್ತಿ ಹಿಡಿದು ಕ್ಯಾಪ್ಟನ್ ಕಾಯುತ್ತಿರುತ್ತಾನೆ. ಬರುತ್ತೇನೆ.